ಕೆನಡಾದಲ್ಲಿ ವೈದ್ಯಕೀಯ ಕ್ಯಾನಬಿಸ್: ಎಣ್ಣೆ, ಕ್ಯಾಪ್ಸೂಲ್, ವೇಪರೈಸರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮತ್ತೆ ಟೊರೊಂಟೊ ಹತ್ತಿರ ನಮ್ಮ ಜೊತೆಯಲ್ಲೇ ಇರುತ್ತಾರೆ. ಅವರಿಗೆ ಕೀಮೋ ನಡೆಯುತ್ತಿದ್ದಾಗ ವಾಕರಿಕೆ ನಿಲ್ಲುತ್ತಿರಲಿಲ್ಲ. ಒಂದು ತುತ್ತು ಅನ್ನ ಇಳಿಯುತ್ತಿರಲಿಲ್ಲ. ಬೇರೆ ಮಾತ್ರೆಗಳೆಲ್ಲ ಆದ ಮೇಲೆ ಡಾಕ್ಟರು ಕ್ಯಾನಬಿಸ್ ಎಣ್ಣೆಗೆ, ಅಂದರೆ ಗಾಂಜಾ ಗಿಡದಿಂದ ತೆಗೆದ ಎಣ್ಣೆಗೆ, ಚೀಟಿ ಬರೆದುಕೊಟ್ಟರು. ಬಾಟಲಿ ಅಂಚೆಯಲ್ಲಿ ಮನೆಗೆ ಬಂತು. ಅದನ್ನು ಹೇಗೆ ಕೊಡಬೇಕು ಅಂತ ಮಾತ್ರ ಯಾರೂ ಪಕ್ಕದಲ್ಲಿ ಕೂತು ಹೇಳಲಿಲ್ಲ.

ಮೊದಲ ಸಂಜೆ 0.1 ಮಿ.ಲೀ. ಕೊಟ್ಟೆ. ಮುಕ್ಕಾಲು ಗಂಟೆ ಕಾದೆ. ಏನೂ ಆಗಲಿಲ್ಲ. ಸಾಲದೇನೋ ಅಂದುಕೊಂಡು ಇನ್ನೂ 0.2 ಮಿ.ಲೀ. ಕೊಟ್ಟೆ. ರಾತ್ರಿ ಹತ್ತರ ಹೊತ್ತಿಗೆ ಅತ್ತೆ ಮಂಚದ ಅಂಚು ಹಿಡಿದು ಕೂತಿದ್ದರು. ಎದೆ ಡವಡವ ಅಂತಿದೆ, ಮನೆ ತಿರುಗುತ್ತಿದೆ, ನನ್ನನ್ನು ಬಿಟ್ಟು ಹೋಗಬೇಡ ಅಂದರು. ಬೆಳಗಿನವರೆಗೂ ನನ್ನ ಕೈ ಬಿಡಲಿಲ್ಲ.

ಆ ರಾತ್ರಿಯ ತಪ್ಪು ಗಿಡದ್ದಲ್ಲ. ನಾನು ಕಾಯಲಿಲ್ಲ, ಅಷ್ಟೇ. ಆಮೇಲೆ ಆಸ್ಪತ್ರೆಯ ಫಾರ್ಮಸಿಸ್ಟ್ ಒಬ್ಬರನ್ನು ಕೇಳಿ ಕೇಳಿ ಕಲಿತೆ. ಈಗ ಇಲ್ಲಿನ ಕನ್ನಡದ ಮನೆಗಳಿಂದ ಇದೇ ಪ್ರಶ್ನೆಗಳ ಫೋನ್ ನನಗೆ ಬರುತ್ತದೆ. ಹೆಚ್ಚಾಗಿ ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಕ್ಕಳು, ಸೊಸೆಯರು. ಅವರಿಗಾಗಿ ಇದನ್ನು ಬರೆದಿದ್ದೇನೆ. ನಾನು ಡಾಕ್ಟರಲ್ಲ. ಬೇಕೋ ಬೇಡವೋ, ಎಷ್ಟು ಬೇಕು ಅನ್ನುವುದನ್ನು ಡಾಕ್ಟರೇ ಹೇಳಬೇಕು. ತೆಗೆದುಕೊಳ್ಳುವ ದಾರಿಗಳ ಬಗ್ಗೆ ಮಾತ್ರ ನಾನು ಹೇಳಬಲ್ಲೆ.

ಇದು ಗಾಂಜಾ ತಾನೇ? ಔಷಧಿ ಹೇಗಾಯಿತು?

ಹೌದು, ಅದೇ ಗಿಡ. ನಮ್ಮ ಕಡೆ ಭಂಗಿ ಸೊಪ್ಪು ಅಂತಾರಲ್ಲ, ಅದೇ. ಅದರಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ನಮಗೆ ಗೊತ್ತಿರಬೇಕಾದವು ಎರಡು. ಒಂದು ಟಿಎಚ್‌ಸಿ. ಅಮಲು ಬರಿಸುವುದು ಅದೇ. ವಾಕರಿಕೆ ಇಳಿಸುವುದು, ಹಸಿವು ಹುಟ್ಟಿಸುವುದು, ಸ್ನಾಯುಗಳ ಬಿಗಿತ ಸಡಿಲಿಸುವುದೂ ಅದೇ. ಇನ್ನೊಂದು ಸಿಬಿಡಿ. ಅದಕ್ಕೆ ಅಮಲಿಲ್ಲ. ಟಿಎಚ್‌ಸಿಯನ್ನು 1964ರಲ್ಲಿ ಇಸ್ರೇಲಿನಲ್ಲಿ ರಾಫೇಲ್ ಮೆಕೌಲಂ ಮತ್ತು ಯೆಹಿಯೆಲ್ ಗಾವೋನಿ ಶುದ್ಧ ರೂಪದಲ್ಲಿ ಬೇರ್ಪಡಿಸಿದರು. ಎಷ್ಟು ಮಿಲಿಗ್ರಾಂ ಅಂತ ಅಳೆದು ಕೊಡಲು ಸಾಧ್ಯವಾಗಿದ್ದು ಆಮೇಲೆಯೇ.

ಕೀಮೋದ ವಾಕರಿಕೆ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರಗಳ ಕಾಯಿಲೆಯ ಸ್ನಾಯು ಬಿಗಿತ, ಕೆಲವು ಬಗೆಯ ದೀರ್ಘಕಾಲದ ನೋವು, ಮಕ್ಕಳಲ್ಲಿ ಬರುವ ಕೆಲವು ಅಪರೂಪದ ಮೂರ್ಛೆರೋಗ – ಇವಕ್ಕೆ ಆಧಾರ ಇದೆ. ಕ್ಯಾನ್ಸರ್ ಅನ್ನೇ ವಾಸಿ ಮಾಡುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತದಲ್ಲ, ಅದನ್ನು ದಯವಿಟ್ಟು ನಂಬಬೇಡಿ. ಅದನ್ನು ನಂಬಿ ಕೀಮೋ ತಪ್ಪಿಸಿದವರ ಕಥೆ ಕೇಳಿದ್ದೇನೆ. ಹೊಟ್ಟೆ ಉರಿಯುತ್ತದೆ.

ಕೆನಡಾದಲ್ಲಿ ಯಾರಿಗೆ ಸಿಗುತ್ತದೆ?

ಇಲ್ಲಿ ರೋಗಿಗಳಿಗೆ 2001ರಿಂದಲೇ ಕಾನೂನಿನ ದಾರಿ ಇದೆ. 2018ರ ಅಕ್ಟೋಬರ್ 17ರಿಂದ ದೊಡ್ಡವರೆಲ್ಲರಿಗೂ ಅಂಗಡಿಯಲ್ಲೇ ಸಿಗುತ್ತಿದೆ. ಆದರೂ ವೈದ್ಯಕೀಯ ದಾರಿ ಬೇರೆಯಾಗಿಯೇ ಉಳಿದಿದೆ. ಡಾಕ್ಟರು ಅಥವಾ ನರ್ಸ್ ಪ್ರಾಕ್ಟಿಷನರ್ (ಔಷಧಿ ಬರೆಯುವ ಅಧಿಕಾರ ಇರುವ ನರ್ಸ್) ದಿನಕ್ಕೆ ಎಷ್ಟು ಗ್ರಾಂ ಅಂತ ಬರೆದ ದಾಖಲೆ ಕೊಡುತ್ತಾರೆ. ಹೆಚ್ಚೆಂದರೆ ಒಂದು ವರ್ಷಕ್ಕೆ. ಅದನ್ನು ಪರವಾನಗಿ ಇರುವ ಮಾರಾಟಗಾರರಲ್ಲಿ ನೋಂದಾಯಿಸಬೇಕು. ಮಾಲು ಅಂಚೆಯಲ್ಲಿ ಬರುತ್ತದೆ. ಕೆನಡಾದಲ್ಲೇ ವಾಸವಾಗಿರುವವರಿಗೆ ಮಾತ್ರ ಇದು. ಊರಿಂದ ಆರು ತಿಂಗಳಿಗೆ ಬಂದ ಅಪ್ಪ ಅಮ್ಮನಿಗೆ ಈ ದಾರಿ ತೆರೆದಿಲ್ಲ.

ಅಂಗಡಿಯಲ್ಲೇ ಸಿಗುವಾಗ ಇಷ್ಟೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ಡಾಕ್ಟರಿಗೆ ಗೊತ್ತಿರುತ್ತದೆ, ಅದಕ್ಕೆ. ಬೇರೆ ಮಾತ್ರೆಗಳ ಜೊತೆ ಹೊಂದುತ್ತದಾ ಅಂತ ಅವರು ನೋಡುತ್ತಾರೆ. ಆ ಕಾಗದದ ನಿಜವಾದ ಬೆಲೆ ಅದೇ.

ಬಾಯಿಂದ ತಗೊಂಡರೇನು, ಉಸಿರಿನಿಂದ ಎಳೆದರೇನು? ಎರಡೂ ಒಂದೇ ಅಲ್ವಾ?

ಅಲ್ಲ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು. ನನಗೆ ಆ ರಾತ್ರಿ ಗೊತ್ತಿರಬೇಕಾಗಿದ್ದದ್ದು ಇದೇ.

ಉಸಿರಿನಿಂದ ಎಳೆದಾಗ ಟಿಎಚ್‌ಸಿ ಶ್ವಾಸಕೋಶದಿಂದ ನೇರ ರಕ್ತಕ್ಕೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅರ್ಧ ಗಂಟೆಯೊಳಗೆ ಪೂರ್ತಿ ಏರುತ್ತದೆ. ಮುಖ್ಯ ಪರಿಣಾಮ ಎರಡು ಮೂರು ಗಂಟೆ ಇರುತ್ತದೆ. ಆರು ಗಂಟೆವರೆಗೆ ಎಳೆಯುವುದೂ ಉಂಟು.

ಬಾಯಿಂದ ನುಂಗಿದಾಗ ಅದು ಹೊಟ್ಟೆ, ಕರುಳು, ಪಿತ್ತಜನಕಾಂಗ ಎಲ್ಲ ಸುತ್ತಿ ಬರಬೇಕು. ಪಿತ್ತಜನಕಾಂಗ ಅಂದರೆ ಲಿವರ್. ಶುರುವಾಗಲು ಅರ್ಧ ಗಂಟೆಯಿಂದ ಎರಡು ಗಂಟೆ. ಪೂರ್ತಿ ಏರಲು ನಾಲ್ಕು ಗಂಟೆವರೆಗೂ ಆಗಬಹುದು. ಇಳಿಯಲು ಹನ್ನೆರಡು ಗಂಟೆ ಹಿಡಿಯಬಹುದು. ಮರುದಿನವೂ ಮಂಪರು ಉಳಿಯಬಹುದು. ಇನ್ನೊಂದು ವಿಷಯ ಇದೆ. ಲಿವರ್ ಟಿಎಚ್‌ಸಿಯ ಒಂದು ಪಾಲನ್ನು 11-ಹೈಡ್ರಾಕ್ಸಿ-ಟಿಎಚ್‌ಸಿ ಎಂಬ ಬೇರೆ ರೂಪಕ್ಕೆ ತಿರುಗಿಸುತ್ತದೆ. ಅದೂ ಮಿದುಳಿಗೆ ಹತ್ತುತ್ತದೆ, ಜೋರಾಗಿಯೇ. ಹಾಗಾಗಿ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವ ಟಿಎಚ್‌ಸಿ ನೂರರಲ್ಲಿ 4ರಿಂದ 12 ಪಾಲು ಮಾತ್ರ ಆದರೂ, ಅದರ ಹಿಡಿತ ಗಟ್ಟಿ ಮತ್ತು ಉದ್ದ. ಉಸಿರಿನಿಂದ ಎಳೆದಾಗ 10ರಿಂದ 35 ಪಾಲು ಸೇರುತ್ತದೆ. ಎಳೆಯುವ ರೀತಿಯ ಮೇಲೆ ಅದು ಬದಲಾಗುತ್ತದೆ.

ಅದಕ್ಕೇ ಬಾಯಿಂದ 5 ಮಿಲಿಗ್ರಾಂ ಮತ್ತು ಉಸಿರಿನಿಂದ 5 ಮಿಲಿಗ್ರಾಂ ಒಂದೇ ಡೋಸ್ ಅಲ್ಲ. ದಾರಿ ಬದಲಾಯಿಸಿದರೆ ಲೆಕ್ಕವನ್ನು ಮೊದಲಿಂದ ಶುರು ಮಾಡಬೇಕು.

ದಿನವಿಡೀ ಇರುವ ನೋವಿಗೆ, ರಾತ್ರಿ ನಿದ್ದೆ ಕೆಡಿಸುವ ಬಿಗಿತಕ್ಕೆ ಎಣ್ಣೆ ಅಥವಾ ಕ್ಯಾಪ್ಸೂಲ್ ಹೊಂದುತ್ತದೆ. ಥಟ್ಟನೆ ಏಳುವ ನೋವಿಗೆ, ಏನು ನುಂಗಿದರೂ ವಾಂತಿಯಾಗುವವರಿಗೆ ವೇಪರೈಸರ್ ಯಂತ್ರದಿಂದ ಉಸಿರಿನಲ್ಲಿ ಎಳೆಯುವ ಆವಿ ಹೊಂದಬಹುದು. ಕೆಲವು ಡಾಕ್ಟರುಗಳು ಎರಡನ್ನೂ ಕೊಡುತ್ತಾರೆ: ತಳಕ್ಕೆ ಎಣ್ಣೆ, ನಡುವೆ ನೋವು ಎದ್ದರೆ ಆವಿ. ವಯಸ್ಸಾದವರಿಗೆ, ಮೊದಲ ಸಲದವರಿಗೆ ನನ್ನ ಒಲವು ಎಣ್ಣೆಯ ಕಡೆಗೇ. ಅಳೆಯುವುದು ಸುಲಭ. ಕಾಯುವ ತಾಳ್ಮೆ ಇದ್ದರೆ ಸಾಕು.

ಲೇಬಲ್ ಮೇಲೆ ಟಿಎಚ್‌ಸಿ ಅಂತ ಒಂದು, ಒಟ್ಟು ಟಿಎಚ್‌ಸಿ ಅಂತ ಇನ್ನೊಂದು ಅಂಕಿ ಇದೆ. ಯಾವುದನ್ನು ನೋಡಬೇಕು?

ಒಟ್ಟು ಅಂತ ಇರುವುದನ್ನು. ಹಸಿ ಗಿಡದಲ್ಲಿ ಟಿಎಚ್‌ಸಿ ಹೆಚ್ಚಾಗಿ ಆಮ್ಲದ ರೂಪದಲ್ಲಿರುತ್ತದೆ. ಅದಕ್ಕೆ ಅಮಲಿಲ್ಲ. ಬಿಸಿ ಮಾಡಿದಾಗ ಅದು ಟಿಎಚ್‌ಸಿ ಆಗುತ್ತದೆ. ಒಣ ಹೂವಿನ ಡಬ್ಬಿಯ ಮೇಲೆ ಮೊದಲ ಅಂಕಿ ತುಂಬ ಚಿಕ್ಕದಿರುತ್ತದೆ. ಅದು ಬಿಸಿ ಮಾಡುವ ಮೊದಲಿನ ಲೆಕ್ಕ. ಒಟ್ಟು ಅಂತ ಇರುವುದು ಬಿಸಿ ಮಾಡಿದ ಮೇಲೆ ಸಿಗಬಹುದಾದದ್ದು.

ಎಣ್ಣೆಯ ಲೆಕ್ಕ ಹೀಗೆ. ಬಾಟಲಿಯ ಮೇಲೆ ಒಂದು ಮಿ.ಲೀ.ಗೆ 25 ಮಿಲಿಗ್ರಾಂ ಟಿಎಚ್‌ಸಿ ಅಂತ ಇದ್ದರೆ, 0.1 ಮಿ.ಲೀ. ಅಂದರೆ 2.5 ಮಿಲಿಗ್ರಾಂ. ಇಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಹೆಲ್ತ್ ಕೆನಡಾ ಹೊಸಬರಿಗೆ ಬಾಯಿಂದ ತಗೊಳ್ಳುವಾಗ 2.5 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಲ್ಲಿ ಶುರು ಮಾಡಿ ಅನ್ನುತ್ತದೆ. ನಾನು ಅತ್ತೆಗೆ ಇಂಥ ಎಣ್ಣೆಯನ್ನೇ ಒಂದೇ ಸಂಜೆ ಒಟ್ಟು 0.3 ಮಿ.ಲೀ. ಕೊಟ್ಟಿದ್ದೆ. ಅಂದರೆ 7.5 ಮಿಲಿಗ್ರಾಂ, ಮೂರು ಪಟ್ಟು.

ಹೂವಿನ ಲೆಕ್ಕವೂ ಕಷ್ಟವಲ್ಲ. ಒಂದು ಗ್ರಾಂಗೆ 100 ಮಿಲಿಗ್ರಾಂ ಅಂದರೆ ನೂರಕ್ಕೆ ಹತ್ತು. ಅದರ 0.05 ಗ್ರಾಂನಲ್ಲಿ 5 ಮಿಲಿಗ್ರಾಂ ಇರುತ್ತದೆ. ಹೊಸಬರು ಇದಕ್ಕಿಂತ ಗಟ್ಟಿಯಾದದ್ದನ್ನು ಮುಟ್ಟದಿರುವುದು ಒಳ್ಳೆಯದು. ಅಂಗಡಿಗಳಲ್ಲಿ ನೂರಕ್ಕೆ ಇಪ್ಪತ್ತು ದಾಟಿದ್ದೇ ಜಾಸ್ತಿ. ಹಾಗಾಗಿ ಕೇಳಿ ತಗೊಳ್ಳಿ.

ಎಣ್ಣೆಯನ್ನು ಹನಿ ಲೆಕ್ಕದಲ್ಲಿ ಕೊಡಬಹುದಾ? ಚಮಚದಲ್ಲಿ?

ಬೇಡ. ಹನಿಯ ಗಾತ್ರ ಒಂದೇ ಥರ ಇರುವುದಿಲ್ಲ. ಎಣ್ಣೆ ತಣ್ಣಗಿದ್ದರೆ ದಪ್ಪ ಹನಿ, ಬೆಚ್ಚಗಿದ್ದರೆ ಸಣ್ಣದು. ಚಮಚದ ಮಾತಂತೂ ಬೇಡವೇ ಬೇಡ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜ್ ಬಳಸಿ. ಹಲವು ಬಾಟಲಿಗಳ ಜೊತೆಗೇ ಬರುತ್ತದೆ. ಇಲ್ಲದಿದ್ದರೆ ಫಾರ್ಮಸಿಯಲ್ಲಿ ಕೇಳಿ, ಕೊಡುತ್ತಾರೆ. ಮಕ್ಕಳಿಗೆ ಜ್ವರದ ಔಷಧಿ ಕೊಡುತ್ತೇವಲ್ಲ, ಅಂಥದ್ದೇ.

ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ. ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆ ನೋಡಿ. ಗಾಳಿಗುಳ್ಳೆ ಸೇರಿದ್ದರೆ ಎಣ್ಣೆಯನ್ನು ಬಾಟಲಿಗೆ ವಾಪಸ್ ಬಿಟ್ಟು ಮತ್ತೆ ಎಳೆಯಿರಿ. 0.1 ಮಿ.ಲೀ. ಅನ್ನುವುದು ತೀರಾ ಸ್ವಲ್ಪ. ಒಂದು ಗುಳ್ಳೆಯಿಂದಲೇ ಅರ್ಧ ಡೋಸ್ ಹೋಗಿಬಿಡುತ್ತದೆ. ನಮ್ಮತ್ತೆಗೆ ಅದರ ವಾಸನೆ ಹಿಡಿಸುತ್ತಿರಲಿಲ್ಲ. ಒಂದು ಚೂರು ಬ್ರೆಡ್ಡಿನ ಮೇಲೆ ಬಿಟ್ಟು ಕೊಡುತ್ತಿದ್ದೆ.

ಒಮ್ಮೆ ಕೊಟ್ಟ ಮೇಲೆ ಆ ದಿನ ಮತ್ತೆ ಕೊಡಬೇಡಿ, ಕನಿಷ್ಠ ಮೊದಮೊದಲು. ಅದೇ ಡೋಸನ್ನು ಎರಡು ಮೂರು ದಿನ ನೋಡಿ. ಏರಿಸಬೇಕಾದರೆ ಡಾಕ್ಟರನ್ನು ಕೇಳಿ ಚೂರು ಚೂರೇ ಏರಿಸಿ. ಒಂದು ನೋಟ್‌ಬುಕ್ ಇಡಿ: ಹೊತ್ತು, ಎಷ್ಟು ಮಿ.ಲೀ., ಊಟದ ಮೊದಲೋ ನಂತರವೋ, ಎಷ್ಟು ಹೊತ್ತಿಗೆ ಹತ್ತಿತು, ಯಾವಾಗ ಇಳಿಯಿತು. ನಮಗೆ ಎರಡನೇ ವಾರದ ಹೊತ್ತಿಗೆ ಆ ಪುಸ್ತಕದಿಂದಲೇ ಗೊತ್ತಾಯಿತು, ಅತ್ತೆಗೆ ಊಟಕ್ಕೆ ಒಂದೂವರೆ ಗಂಟೆ ಮೊದಲು ಕೊಟ್ಟರೆ ತಟ್ಟೆಯ ಮುಂದೆ ಕೂರುತ್ತಾರೆ ಅಂತ. ಆ ದಿನ ಅವರು ಮೊಸರನ್ನ ಪೂರ್ತಿ ಊಟ ಮಾಡಿದರು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾಲಿಗೆಯ ಕೆಳಗೆ ಇಟ್ಟುಕೊಂಡರೆ ಬೇಗ ಹತ್ತುತ್ತದಂತೆ?

ಎಣ್ಣೆಯ ಮಟ್ಟಿಗೆ ಅದನ್ನು ಹೆಚ್ಚು ನಂಬಬೇಡಿ. ಎಣ್ಣೆ ಬಾಯಿಯ ಒಳಚರ್ಮದಿಂದ ಅಷ್ಟಾಗಿ ಇಳಿಯುವುದಿಲ್ಲ. ಜೊಲ್ಲಿನ ಜೊತೆ ಬಹುಪಾಲು ಹೊಟ್ಟೆಗೇ ಹೋಗುತ್ತದೆ. ಅಂದರೆ ನುಂಗಿದ ಹಾಗೇ. ಎರಡು ಗಂಟೆಯ ಲೆಕ್ಕವನ್ನೇ ಇಟ್ಟುಕೊಳ್ಳಿ. ಹದಿನೈದು ನಿಮಿಷದಲ್ಲಿ ಹತ್ತಲಿಲ್ಲ ಅಂತ ಇನ್ನೊಂದು ಡೋಸ್ ಹಾಕಿಕೊಂಡು ಒದ್ದಾಡಿದವರು ಬಹಳ ಜನ.

ಊಟದ ಮೊದಲೋ, ನಂತರವೋ?

ಯಾವುದಾದರೂ ಸರಿ, ಪ್ರತಿದಿನ ಒಂದೇ ಥರ ಇರಲಿ. ಟಿಎಚ್‌ಸಿ, ಸಿಬಿಡಿ ಎರಡೂ ಕೊಬ್ಬಿನಲ್ಲಿ ಕರಗುವ ವಸ್ತುಗಳು. ತುಪ್ಪ, ಎಣ್ಣೆ ಇರುವ ಊಟದ ಜೊತೆ ಜಾಸ್ತಿ ಹೀರಿಕೊಳ್ಳುತ್ತವೆ. ಎಷ್ಟು ಜಾಸ್ತಿ ಅಂದರೆ, ಅಮೆರಿಕದಲ್ಲಿ 2018ರಲ್ಲಿ ಮೂರ್ಛೆರೋಗಕ್ಕೆ ಒಪ್ಪಿಗೆ ಪಡೆದ ಸಿಬಿಡಿ ಔಷಧಿ ಎಪಿಡಿಯೊಲೆಕ್ಸ್ ಅನ್ನು ಕೊಬ್ಬಿನ ಊಟದ ಜೊತೆ ತಗೊಂಡರೆ ರಕ್ತದಲ್ಲಿ ಅದರ ಪ್ರಮಾಣ ಖಾಲಿ ಹೊಟ್ಟೆಗಿಂತ ನಾಲ್ಕೈದು ಪಟ್ಟು ಏರುತ್ತದೆ. ಸೋಮವಾರ ಖಾಲಿ ಹೊಟ್ಟೆಯಲ್ಲಿ, ಮಂಗಳವಾರ ಬಿಸಿಬೇಳೆಬಾತ್ ತುಪ್ಪದ ಜೊತೆ ಅಂದರೆ ಎರಡೂ ಬೇರೆ ಬೇರೆ ಡೋಸ್ ಆದ ಹಾಗೆ.

ಕ್ಯಾಪ್ಸೂಲ್ ಸಸ್ಯಾಹಾರವೇ?

ಒಳ್ಳೆಯ ಪ್ರಶ್ನೆ. ಇದನ್ನು ಯಾವ ಕ್ಲಿನಿಕ್ಕಿನವರೂ ತಾವಾಗಿ ಹೇಳುವುದಿಲ್ಲ. ಮೆತ್ತನೆಯ ಕ್ಯಾಪ್ಸೂಲುಗಳ ಸಿಪ್ಪೆ ಹೆಚ್ಚಾಗಿ ಜೆಲಟಿನ್. ಅದು ಪ್ರಾಣಿಗಳ ಚರ್ಮ, ಮೂಳೆಯಿಂದ ಬರುತ್ತದೆ. ಅಗಿಯುವ ಗಮ್ಮಿಗಳಲ್ಲೂ ಕೆಲವಕ್ಕೆ ಜೆಲಟಿನ್ ಹಾಕುತ್ತಾರೆ, ಕೆಲವಕ್ಕೆ ಹಣ್ಣಿನ ಪೆಕ್ಟಿನ್. ಮಾರಾಟಗಾರರಿಗೆ ಫೋನ್ ಮಾಡಿ ಕೇಳಿ. ಎಣ್ಣೆಯಲ್ಲಿ ಈ ಚಿಂತೆ ಇಲ್ಲ. ಹೆಚ್ಚಿನವು ತೆಂಗಿನೆಣ್ಣೆಯಿಂದ ತೆಗೆದ ಎಂಸಿಟಿ ಎಣ್ಣೆಯಲ್ಲಿರುತ್ತವೆ. ಎಪಿಡಿಯೊಲೆಕ್ಸ್ ಇರುವುದು ಎಳ್ಳೆಣ್ಣೆಯಲ್ಲಿ. ಎಳ್ಳು ಒಗ್ಗದವರು ಗಮನಿಸಿ.

ಕ್ಯಾಪ್ಸೂಲಿನ ದೊಡ್ಡ ಅನುಕೂಲ ಅಳತೆ. ಕೈ ನಡುಗುವವರಿಗೆ, ಕಣ್ಣು ಮಂಜಾದವರಿಗೆ ಸಿರಿಂಜಿಗಿಂತ ಇದು ಮೇಲು. ಆದರೆ ಅರ್ಧ ಮಾಡಲು ಬರುವುದಿಲ್ಲ.

ಸಾಮಾನ್ಯ ಫಾರ್ಮಸಿಯಲ್ಲಿ ಸಿಗುವಂಥದ್ದು ಏನೂ ಇಲ್ಲವೇ?

ಇದೆ. ನ್ಯಾಬಿಲೋನ್ ಅಂತ ಕ್ಯಾಪ್ಸೂಲ್. ಗಿಡದಿಂದ ಬಂದದ್ದಲ್ಲ, ಟಿಎಚ್‌ಸಿಯನ್ನು ಹೋಲುವ ಹಾಗೆ ಪ್ರಯೋಗಾಲಯದಲ್ಲಿ ಮಾಡಿದ್ದು. ಕೀಮೋ ವಾಕರಿಕೆಗೆ ಇಲ್ಲಿ ಬಹಳ ಕಾಲದಿಂದ ಬರೆಯುತ್ತಾರೆ. ಅಳತೆ ಕರಾರುವಾಕ್ಕು. ಎಣ್ಣೆಗೆ ಮೊದಲು ಇದರ ಬಗ್ಗೆ ಡಾಕ್ಟರನ್ನು ಕೇಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸ್ಯಾಟಿವೆಕ್ಸ್ ಇನ್ನೊಂದು. ಬಾಯಿಗೆ ಹೊಡೆಯುವ ಸ್ಪ್ರೇ. ಜಗತ್ತಿನಲ್ಲಿ ಮೊದಲು ಒಪ್ಪಿಗೆ ಕೊಟ್ಟ ದೇಶ ಕೆನಡಾ, 2005ರಲ್ಲಿ. ಒಂದು ಸಲ ಒತ್ತಿದರೆ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ. ಕೆನ್ನೆಯ ಒಳಗೆ ಅಥವಾ ನಾಲಿಗೆ ಕೆಳಗೆ ಹೊಡೆಯಬೇಕು. ಪ್ರತಿ ಸಲ ಜಾಗ ಬದಲಾಯಿಸಬೇಕು, ಇಲ್ಲದಿದ್ದರೆ ಹುಣ್ಣಾಗುತ್ತದೆ. ಅದರಲ್ಲಿ ಆಲ್ಕೊಹಾಲ್ ಇರುವುದರಿಂದ ಉರಿಯೂ ಆಗುತ್ತದೆ. ದಿನಕ್ಕೊಂದರಿಂದ ಶುರು ಮಾಡಿ ಎರಡು ವಾರದಲ್ಲಿ ನಿಧಾನವಾಗಿ ಏರಿಸುತ್ತಾರೆ. ಹನ್ನೆರಡು ಮೀರುವಂತಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಕನಿಷ್ಠ ಕಾಲು ಗಂಟೆ ಬಿಡುವು ಇರಬೇಕು. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಬೇಕು.

ವೇಪರೈಸರ್ ಅಂದರೇನು? ಹೊಗೆಗೂ ಅದಕ್ಕೂ ಏನು ವ್ಯತ್ಯಾಸ?

ಒಣ ಹೂವನ್ನು ಸುಡದೆ, ಬರೀ ಬಿಸಿ ಮಾಡಿ ಆವಿ ತೆಗೆಯುವ ಯಂತ್ರ. 180ರಿಂದ 210 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಟಿಎಚ್‌ಸಿ, ಸಿಬಿಡಿ ಆವಿಯಾಗಿ ಬರುತ್ತವೆ. ಹೂವು ಕಂದು ಬಣ್ಣಕ್ಕೆ ತಿರುಗುತ್ತದೆ, ಬೂದಿಯಾಗುವುದಿಲ್ಲ. ಬೆಂಕಿ ಇಲ್ಲ ಅಂದ ಮೇಲೆ ಟಾರ್, ಕಾರ್ಬನ್ ಮಾನಾಕ್ಸೈಡ್ ತೀರಾ ಕಡಿಮೆ.

ಎರಡು ಬಗೆ ಇವೆ. ಒಂದರಲ್ಲಿ ಹೂವು ಬಿಸಿ ಲೋಹಕ್ಕೆ ತಾಗಿಕೊಂಡಿರುತ್ತದೆ, ಕಾವಲಿಯ ಮೇಲೆ ಹುರಿದ ಹಾಗೆ. ನಡುನಡುವೆ ಕೈಯಾಡಿಸದಿದ್ದರೆ ಒಂದು ಕಡೆ ಸೀಯುತ್ತದೆ. ಇನ್ನೊಂದರಲ್ಲಿ ಬಿಸಿ ಗಾಳಿ ಹೂವಿನ ನಡುವೆ ಹಾದು ಬರುತ್ತದೆ, ಇಡ್ಲಿ ಪಾತ್ರೆಯ ಹಬೆಯ ಹಾಗೆ. ಎಲ್ಲ ಕಡೆ ಸಮನಾಗಿ ಕಾಯುತ್ತದೆ. ಬೆಲೆ ಜಾಸ್ತಿ.

ಜರ್ಮನಿಯ ಟುಟ್ಲಿಂಗನ್ ಊರಿನ ಸ್ಟೋರ್ಜ್ ಆಂಡ್ ಬಿಕೆಲ್ ಕಂಪನಿಯ ವೋಲ್ಕೇನೊ ಮೆಡಿಕ್ ಮತ್ತು ಮೈಟಿ ಮೆಡಿಕ್ ವೈದ್ಯಕೀಯ ಸಾಧನ ಎಂದೇ ಒಪ್ಪಿಗೆ ಪಡೆದವು. ವೋಲ್ಕೇನೊ ಮೇಜಿನ ಮೇಲೆ ಇಡುವಂಥದ್ದು. ಅದು ಆವಿಯನ್ನು ಒಂದು ಬಲೂನಿಗೆ ತುಂಬುತ್ತದೆ. ಬಲೂನನ್ನು ಬಿಚ್ಚಿ ಹಾಸಿಗೆಯಲ್ಲಿರುವವರ ಕೈಗೆ ಕೊಡಬಹುದು. ಅವರು ನಿಧಾನವಾಗಿ, ತಮಗೆ ಆದಷ್ಟು ಎಳೆದುಕೊಳ್ಳಬಹುದು. ಬಟನ್ ಒತ್ತುವ, ಜೋರಾಗಿ ಎಳೆಯುವ ಶಕ್ತಿ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ನೋಡಿಲ್ಲ. ಆವಿ ಬಲೂನಿನ ಗೋಡೆಗೆ ಅಂಟಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ತುಂಬಿ ಇಡಬೇಡಿ, ಕೂಡಲೇ ಬಳಸಿ. ಮೈಟಿ ಕೈಯಲ್ಲಿ ಹಿಡಿಯುವಂಥದ್ದು, ಬ್ಯಾಟರಿಯದು. ಓಡಾಡುವವರಿಗೆ ಸರಿ.

ಇಸ್ರೇಲಿನ ಸೈಕ್ ಇನ್‌ಹೇಲರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮೊದಲೇ ತೂಗಿಟ್ಟ ಪುಟ್ಟ ಚಿಪ್ಪುಗಳಿಂದ ಪ್ರತಿ ಸಲ ಮೈಕ್ರೋಗ್ರಾಂ ಲೆಕ್ಕದಲ್ಲಿ ಟಿಎಚ್‌ಸಿ ಕೊಡುತ್ತದೆ. ಆಸ್ತಮಾ ಪಂಪಿನಷ್ಟೇ ಖಚಿತ. ಇಂಥದ್ದು ಎಲ್ಲ ಕಡೆ ಬರಬೇಕು ಅಂತ ನನಗೆ ಬಹಳ ಆಸೆ.

ವೇಪರೈಸರ್ ಬಳಸುವಾಗ ಏನೇನು ನೋಡಿಕೊಳ್ಳಬೇಕು?

ಮೊದಲು ತೂಕ. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ಒಂದು ಚಿಟಿಕೆ ಅನ್ನುವ ಅಳತೆ ಸಾರಿನ ಉಪ್ಪಿಗೆ ಸರಿ, ಇದಕ್ಕಲ್ಲ. ಹೂವನ್ನು ಗ್ರೈಂಡರಿನಲ್ಲಿ ಒರಟಾಗಿ ಪುಡಿ ಮಾಡಿ. ನುಣ್ಣಗಾದರೆ ಜಾಲರಿಯಿಂದ ಉದುರಿ ಬಾಯಿಗೆ ಬರುತ್ತದೆ. ವಾರಕ್ಕೆ ಬೇಕಾದಷ್ಟನ್ನು ಒಮ್ಮೆಗೇ ತೂಗಿ ಪುಟ್ಟ ಡೋಸಿಂಗ್ ಕ್ಯಾಪ್ಸೂಲುಗಳಲ್ಲಿ ತುಂಬಿಟ್ಟರೆ ನೋವಿನಲ್ಲಿರುವವರು ಪ್ರತಿ ಸಲ ತಕ್ಕಡಿ ಹಿಡಿಯಬೇಕಾಗಿಲ್ಲ. ಲೋಹದ ಈ ಕ್ಯಾಪ್ಸೂಲುಗಳು ಯಂತ್ರದೊಳಗೆ ಕೂರುವಂಥವು, ನುಂಗುವವಲ್ಲ.

ಶಾಖವನ್ನು 180ರಲ್ಲಿ ಇಟ್ಟು ಶುರು ಮಾಡಿ. ಒಂದೇ ಒಂದು ಉಸಿರು, ನಿಧಾನವಾಗಿ. ಉಸಿರು ಬಿಗಿ ಹಿಡಿದು ಕೂರಬೇಕಾಗಿಲ್ಲ, ಅದರಿಂದ ಹೆಚ್ಚು ಲಾಭವಿಲ್ಲ, ಕೆಮ್ಮು ಬರುತ್ತದೆ ಅಷ್ಟೇ. ಆಮೇಲೆ ಯಂತ್ರವನ್ನು ಕೆಳಗಿಟ್ಟು ಹದಿನೈದು ಇಪ್ಪತ್ತು ನಿಮಿಷ ಕಾಯಿರಿ. ಕೂತುಕೊಂಡೇ ಇರಿ. ಎದ್ದ ಕೂಡಲೇ ರಕ್ತದೊತ್ತಡ ಇಳಿದು ಬೀಳುವವರಿದ್ದಾರೆ. ಹಿರಿಯರಿಗೆ ಸೊಂಟ ಮುರಿಯಲು ಅಷ್ಟು ಸಾಕು.

ವಾರಕ್ಕೊಮ್ಮೆಯಾದರೂ ತೊಳೆಯಿರಿ. ಗಾಜು, ಜಾಲರಿ, ಬಾಯಿಯ ಕೊಳವೆಗಳನ್ನು ಬಿಚ್ಚಿ, ಕಂಪನಿಯ ಪುಸ್ತಕದಲ್ಲಿ ಹೇಳಿದ ಹಾಗೆ ಶುಚಿ ಮಾಡಿ. ಅಂಟು ಹೋಗಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕಾಗುತ್ತದೆ. ಅದು ಬೆಂಕಿ ಹಿಡಿಯುವ ವಸ್ತು. ಪೂರ್ತಿ ಒಣಗಿದ ಮೇಲೆಯೇ ಮತ್ತೆ ಬಿಸಿ ಮಾಡಿ.

ಕೀಮೋ ಆಗುತ್ತಿರುವವರು, ಅಂಗಾಂಗ ಕಸಿ ಆದವರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಒಣ ಹೂವಿನಲ್ಲಿ ಬೂಷ್ಟು ಇರಬಹುದು. ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ರೋಗನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ವೇಪರೈಸರಿನ ಶಾಖ ಅದನ್ನು ಪೂರ್ತಿ ಕೊಲ್ಲುತ್ತದೆ ಅಂತ ನಂಬಿ ಕೂರಬೇಡಿ. ನಮ್ಮತ್ತೆಗೆ ಆವಿ ಬೇಡ ಅಂತ ಡಾಕ್ಟರು ಹೇಳಿದ್ದು ಇದೇ ಕಾರಣಕ್ಕೆ.

ಅಂಗಡಿಯಲ್ಲಿ ಸಿಗುವ ವೇಪ್ ಪೆನ್ ಅಗ್ಗ, ಸುಲಭ. ಅದು ಸಾಲದೇ?

ವೇಪ್ ಪೆನ್ ಒಳಗಿರುವುದು ಹೂವಲ್ಲ, ಗಟ್ಟಿ ಸಾರ. ಟಿಎಚ್‌ಸಿ ನೂರಕ್ಕೆ ಎಪ್ಪತ್ತು ಎಂಬತ್ತು ಇರುತ್ತದೆ. ಒಂದು ಉಸಿರಿನಲ್ಲಿ ಎಷ್ಟು ಹೋಯಿತು ಅಂತ ಹೇಳಲು ಬರುವುದಿಲ್ಲ. ಹೊಸಬರಿಗೆ ಇದು ಬೇಡ ಅನ್ನುವುದು ನನ್ನ ಅಭಿಪ್ರಾಯ.

ಪರವಾನಗಿ ಇಲ್ಲದ ಕಡೆ ಕೊಂಡದ್ದಂತೂ ಮುಟ್ಟಲೇಬಾರದು. 2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದವರ ಶ್ವಾಸಕೋಶ ಹಾಳಾಗಿ ಜನ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆಗೆ ಸೇರಿದ್ದರು ಅಥವಾ ತೀರಿಕೊಂಡಿದ್ದರು. ಸತ್ತವರು 68. ಕಳ್ಳಮಾರ್ಗದ ಟಿಎಚ್‌ಸಿ ಕಾರ್ಟ್ರಿಜ್‌ಗಳಲ್ಲಿ ಸಾರವನ್ನು ತೆಳು ಮಾಡಲು ಬೆರೆಸಿದ ವಿಟಮಿನ್ ಇ ಅಸಿಟೇಟ್ ಇದಕ್ಕೆ ಮುಖ್ಯ ಕಾರಣ ಅಂತ ಕಂಡುಬಂತು. ಚರ್ಮಕ್ಕೆ ಹಚ್ಚಿದರೆ ಏನೂ ಮಾಡದ ವಸ್ತು, ಶ್ವಾಸಕೋಶಕ್ಕೆ ಹೋಗಿ ಜೀವ ತೆಗೆಯಿತು.

ಸುಮ್ನೆ ಬೀಡಿ ಥರ ಸುತ್ತಿ ಸೇದಿದರೆ ಆಗಲ್ವಾ?

ಬೇಗ ಹತ್ತುತ್ತದೆ, ನಿಜ. ಆದರೆ ಸುಟ್ಟ ಹೊಗೆ ಹೊಗೆಯೇ. ಅಳತೆ ಇಲ್ಲ, ಒಂದಷ್ಟು ಭಾಗ ಗಾಳಿಗೆ ಹೋಗುತ್ತದೆ, ಮನೆಯಲ್ಲಿರುವ ಮಕ್ಕಳ ಮೂಗಿಗೂ ಹೋಗುತ್ತದೆ. ನಾವಿರುವ ಒಂಟೇರಿಯೊ ಪ್ರಾಂತ್ಯದಲ್ಲಿ ಸೇದುವುದು, ವೇಪ್ ಮಾಡುವುದು ಎರಡಕ್ಕೂ ಒಂದೇ ನಿಯಮ. ಅಪಾರ್ಟ್‌ಮೆಂಟಿನ ಕಾರಿಡಾರ್, ಲಿಫ್ಟ್ ಇಂಥಲ್ಲೆಲ್ಲ ವೈದ್ಯಕೀಯ ಚೀಟಿ ಇದ್ದರೂ ಇಲ್ಲ.

ಮನೆಯಲ್ಲೇ ತುಪ್ಪದಲ್ಲಿ ಕಾಯಿಸಿ ಬರ್ಫಿ ಮಾಡಬಹುದಾ?

ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ತುಪ್ಪಕ್ಕೆ ಇಳಿಯುತ್ತದೆ. ಹಾಲು, ತುಪ್ಪದಲ್ಲಿ ಭಂಗಿ ಬೆರೆಸುವ ರೂಢಿ ನಮ್ಮ ದೇಶದಲ್ಲಿ ಹಳೆಯದು. ಆದರೆ ಔಷಧಿಯಾಗಿ ನಾನು ಇದನ್ನು ಒಪ್ಪುವುದಿಲ್ಲ. ತಟ್ಟೆಯ ಒಂದು ಮೂಲೆಯ ಬರ್ಫಿಯಲ್ಲಿ 2 ಮಿಲಿಗ್ರಾಂ, ಇನ್ನೊಂದರಲ್ಲಿ 15 ಇರಬಹುದು. ನೋಡಿದರೆ ಎರಡೂ ಒಂದೇ. ಅದರ ಮೇಲೆ, ಮನೆಗೆ ಬಂದ ಮಗು ಬರ್ಫಿ ಕಂಡರೆ ಬಿಡುತ್ತದಾ?

ಇಲ್ಲಿ ಪರವಾನಗಿ ಇರುವ ತಿನಿಸುಗಳು 2019ರ ಅಕ್ಟೋಬರಿನಿಂದ ಕಾನೂನಿನೊಳಗೆ ಬಂದವು. ಒಂದು ಪೊಟ್ಟಣದಲ್ಲಿ 10 ಮಿಲಿಗ್ರಾಂ ಟಿಎಚ್‌ಸಿ ಮೀರುವಂತಿಲ್ಲ. ಪೊಟ್ಟಣವನ್ನು ಮಕ್ಕಳು ತೆರೆಯಲಾಗದ ಹಾಗೆ ಮಾಡಿರುತ್ತಾರೆ. ಅದನ್ನು ಬೇರೆ ಡಬ್ಬಿಗೆ ಸುರಿದು ಇಡಬೇಡಿ. ಬೀಗ ಹಾಕುವ ಪೆಟ್ಟಿಗೆಯಲ್ಲಿಡಿ.

ಮಂಡಿಗೆ ಹಚ್ಚುವ ಮುಲಾಮು?

ಚರ್ಮದ ಮೇಲೆ ಹಚ್ಚಿದ್ದು ರಕ್ತಕ್ಕೆ ತೀರಾ ಕಡಿಮೆ ಇಳಿಯುತ್ತದೆ. ಅಮಲು ಬರುವುದಿಲ್ಲ. ನೋವಿಗೆ ಗಟ್ಟಿಯಾದ ಆಧಾರವೂ ಇಲ್ಲ. ತಿಕ್ಕುವುದರಿಂದಲೇ ಸ್ವಲ್ಪ ಹಿತವಾಗುತ್ತದೆ. ಗಾಯದ ಮೇಲೆ ಹಚ್ಚಬೇಡಿ.

ಜಾಸ್ತಿ ಆಗಿಬಿಟ್ಟರೆ ಏನು ಮಾಡಬೇಕು?

ದೊಡ್ಡವರಾದರೆ ಗಾಬರಿ ಮಾಡಬೇಡಿ. ಮಲಗಿಸಿ, ದೀಪ ಮಂದ ಮಾಡಿ, ನೀರು ಕೊಡಿ, ಪಕ್ಕದಲ್ಲಿರಿ. ಇದು ಇಳಿಯುತ್ತದೆ ಅಂತ ಹೇಳುತ್ತಾ ಇರಿ. ಹೊತ್ತು ಕಳೆಯುವುದೇ ಮದ್ದು. ಬಾತ್‌ರೂಮಿಗೆ ಒಬ್ಬರನ್ನೇ ಬಿಡಬೇಡಿ. ಎದೆನೋವು, ಉಸಿರಾಟದ ತೊಂದರೆ, ಎಬ್ಬಿಸಿದರೂ ಏಳದಿರುವುದು, ಇಲ್ಲದ್ದು ಕಾಣಿಸಿ ಕೂಗಾಡುವುದು – ಇವು ಕಂಡರೆ 911ಕ್ಕೆ ಫೋನ್ ಮಾಡಿ.

ಮಗು ತಿಂದಿದ್ದರೆ ಕಾಯಲೇಬೇಡಿ. ಚೆನ್ನಾಗಿಯೇ ಆಡುತ್ತಿದ್ದರೂ ಸರಿ. ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1-844-764-7669. ಕ್ವಿಬೆಕ್‌ನಲ್ಲಿ 1-800-463-5060. ಮಗು ಮಂಕಾಗಿದ್ದರೆ ನೇರ 911. ಆಸ್ಪತ್ರೆಯಲ್ಲಿ ಸಂಕೋಚ ಪಡದೆ ನಿಜ ಹೇಳಿ. ಏನು ತಿಂದಿದೆ ಅಂತ ಗೊತ್ತಾದರೆ ಮಗುವಿಗೆ ಸುಮ್ಮನೆ ಬೇರೆ ಬೇರೆ ಪರೀಕ್ಷೆ ಮಾಡುವುದು ತಪ್ಪುತ್ತದೆ.

ಯಾರು ಇದರಿಂದ ದೂರ ಇರಬೇಕು? ಬೇರೆ ಮಾತ್ರೆಗಳ ಜೊತೆ?

ಸ್ವಂತಕ್ಕೆ ಅಥವಾ ಮನೆತನದಲ್ಲಿ ಸ್ಕಿಜೋಫ್ರೀನಿಯಾದಂಥ ಮಾನಸಿಕ ಕಾಯಿಲೆ ಇರುವವರು ಟಿಎಚ್‌ಸಿಯಿಂದ ದೂರ ಇರಬೇಕು. ಬಸುರಿಯರು, ಮೊಲೆಯುಣಿಸುವವರು ಯಾವ ರೂಪದಲ್ಲೂ ತಗೊಳ್ಳಬಾರದು. ಹೃದಯದ ತೊಂದರೆ ಇರುವವರು ಕಾರ್ಡಿಯಾಲಜಿಸ್ಟರನ್ನು ಕೇಳದೆ ಮುಟ್ಟಬಾರದು.

ಸಿಬಿಡಿ ಅಮಲಿಲ್ಲದ್ದು, ಹಾಗಾಗಿ ನಿರಪಾಯ ಅಂದುಕೊಳ್ಳಬೇಡಿ. ರಕ್ತ ತೆಳು ಮಾಡುವ ವಾರ್ಫರಿನ್, ಕಸಿ ಆದವರ ಟ್ಯಾಕ್ರೊಲಿಮಸ್, ಮೂರ್ಛೆರೋಗದ ಕ್ಲೊಬಜಾಮ್ – ಇವುಗಳ ಪ್ರಮಾಣವನ್ನು ಸಿಬಿಡಿ ರಕ್ತದಲ್ಲಿ ಏರಿಸಬಲ್ಲದು. ಮೂರ್ಛೆರೋಗದ ಇನ್ನೊಂದು ಔಷಧಿ ವ್ಯಾಲ್‌ಪ್ರೊಯೇಟ್ ಜೊತೆ ಲಿವರಿಗೆ ತೊಂದರೆ ಕೊಡಬಹುದು. ನಿದ್ದೆ ಮಾತ್ರೆ, ಮದ್ಯದ ಜೊತೆ ಮಂಪರು ಕೂಡಿಕೊಳ್ಳುತ್ತದೆ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಫಾರ್ಮಸಿಗೆ ಹೋಗಿ ತೋರಿಸಿ. ಆಯುರ್ವೇದದ್ದೂ ಸೇರಿಸಿ.

ವಾಂತಿಗೆ ಅಂತ ತಗೊಳ್ಳುವವರಿಗೆ ಒಂದು ಮಾತು. ಬಹಳ ಕಾಲ, ಜಾಸ್ತಿ ಬಳಸಿದವರಲ್ಲಿ ಕೆಲವರಿಗೆ ಇದರಿಂದಲೇ ವಾಂತಿ ಶುರುವಾಗುತ್ತದೆ. ಬಿಸಿನೀರು ಸ್ನಾನ ಮಾಡಿದರೆ ಮಾತ್ರ ಹಿತ ಅನಿಸುವುದು ಅದರ ಗುರುತು. ಅದಕ್ಕೆ ಡೋಸ್ ಏರಿಸುವುದು ಮದ್ದಲ್ಲ, ನಿಲ್ಲಿಸುವುದೇ ಮದ್ದು.

ತಗೊಂಡು ಕಾರು ಓಡಿಸಬಹುದಾ?

ಇಲ್ಲ. ಚೀಟಿ ಇದ್ದರೂ ಇಲ್ಲ. ಕೆನಡಾದ ಕಾನೂನಿನಲ್ಲಿ ಒಂದು ಮಿ.ಲೀ. ರಕ್ತದಲ್ಲಿ 2 ನ್ಯಾನೋಗ್ರಾಂ ಟಿಎಚ್‌ಸಿ ಇದ್ದರೆ ಅಪರಾಧ, 5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೂ ದೊಡ್ಡ ಅಪರಾಧ. ಎಣ್ಣೆ ನುಂಗಿದ್ದರೆ ಮರುದಿನ ಬೆಳಗ್ಗೆಯೂ ಯೋಚಿಸಿ.

ಊರಿಗೆ ಹೋಗುವಾಗ ಬಾಟಲಿ ತಗೊಂಡು ಹೋಗಬಹುದಾ?

ಖಂಡಿತ ಬೇಡ. ಕೆನಡಾದ ಗಡಿ ದಾಟಿಸುವುದೇ ಅಪರಾಧ, ವೈದ್ಯಕೀಯ ದಾಖಲೆ ಇದ್ದರೂ. ಭಾರತದಲ್ಲಿ 1985ರ ಮಾದಕ ವಸ್ತು ಕಾನೂನು, ಅಂದರೆ ಎನ್‌ಡಿಪಿಎಸ್ ಕಾಯ್ದೆ ಇದೆ. ಕೆನಡಾದ ಡಾಕ್ಟರ ಚೀಟಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನಿಮ್ಮನ್ನು ಕಾಪಾಡುವುದಿಲ್ಲ. ಬಳಸಿದ ವೇಪರೈಸರ್ ಕೂಡ ಬೇಡ, ಒಳಗೆ ಅಂಟು ಉಳಿದಿರುತ್ತದೆ. ಹೊರಡುವ ಒಂದೆರಡು ತಿಂಗಳು ಮೊದಲೇ ಡಾಕ್ಟರನ್ನು ಕಂಡು, ಅಲ್ಲಿರುವಷ್ಟು ದಿನಕ್ಕೆ ಬೇರೆ ಏರ್ಪಾಡು ಕೇಳಿ.

ಆ ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂ ಬಿಟ್ಟ ತುದಿ. ಬರೀ ಎಲೆ, ಬೀಜ ಅದರಲ್ಲಿ ಬರುವುದಿಲ್ಲ. ಹಾಗಾಗಿ ಎಲೆಯಿಂದ ಮಾಡಿದ, ವಿಜಯಾ ಎಂದು ಕರೆಯುವ ಆಯುರ್ವೇದ ಔಷಧಿಗಳು ಭಾರತದಲ್ಲಿ ವೈದ್ಯರ ಚೀಟಿಯ ಮೇಲೆ ಸಿಗುತ್ತವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಜಾಮೀನು ಅರ್ಜಿಯಲ್ಲಿ ಭಂಗಿ ಈ ಕಾಯ್ದೆಯ ನಿಷೇಧಕ್ಕೆ ಬರುವುದಿಲ್ಲ ಅಂತ ಹೇಳಿತ್ತು. ಅದನ್ನು ಇಲ್ಲಿನ ಎಣ್ಣೆಗೆ ಅನ್ವಯಿಸಿಕೊಳ್ಳಬೇಡಿ. ಇಲ್ಲಿನ ಎಣ್ಣೆ ಬರೀ ಎಲೆಯಿಂದ ಮಾಡಿದ್ದಲ್ಲ.

ಉಳಿದದ್ದನ್ನು ಏನು ಮಾಡುವುದು?

ಅತ್ತೆಯ ಕೀಮೋ ಮುಗಿದಾಗ ಮುಕ್ಕಾಲು ಬಾಟಲಿ ಉಳಿದಿತ್ತು. ಮುಂದೆ ಯಾರಿಗಾದರೂ ಬೇಕಾದೀತು ಅಂತ ಎತ್ತಿಡಬೇಡಿ, ಬೇರೆಯವರಿಗೆ ಕೊಡಲೂಬೇಡಿ. ಸಿಂಕಿಗೆ ಸುರಿಯಬೇಡಿ. ಬೆಕ್ಕಿನ ಮಲದ ಡಬ್ಬಿಗೆ ಹಾಕುವ ಮಣ್ಣು ಇಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಎಣ್ಣೆಯನ್ನು ಅದರಲ್ಲಿ ಚೆನ್ನಾಗಿ ಕಲಸಿ, ಒಳಗೇನಿದೆ ಕಾಣದ ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಬೇಕು. ಬಾಟಲಿಯ ಮೇಲೆ ರೋಗಿಯ ಹೆಸರಿರುವ ಚೀಟಿ ಅಂಟಿಸಿರುತ್ತಾರೆ. ಅದನ್ನು ಕಿತ್ತು, ಹರಿದು, ಬೇರೆಯಾಗಿ ಹಾಕಿ.